ಬಾಯಲ್ಲಿ ನೀರು ಹಿಡಿಯುವ ಸಭೆ

ಆಡುವ ನಾಲಿಗೆಯನ್ನೂ ಆಲಿಸುವ ಕಿವಿಯನ್ನೂ ಕೊಟ್ಟ ನಾರಾಯಣನಿಗೆ ಕೈಮುಗಿದು, ಫೋನಿನಲ್ಲಿ ಬಳಗ ಕಟ್ಟುವ ಮಕ್ಕಳಿಗಾಗಿ ಈ ಕಥೆ ಹೇಳುತ್ತೇನೆ.

ಒಂದು ಕೆರೆಯ ಕಪ್ಪೆಗಳಲ್ಲಿ ಒಂದು ಪದ್ಧತಿಯಿತ್ತು. ಸಭೆಯಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಬಾಯಿತುಂಬ ನೀರು ಹಿಡಿದು ಕೂರಬೇಕು. ಮಾತು ಮುಗಿದ ಮೇಲೆಯೇ ಅದನ್ನು ನುಂಗಿ ಉತ್ತರ ಕೊಡಬೇಕು. ಹೊಸ ಯಜಮಾನ ಡೊಳ್ಳಪ್ಪನಿಗೆ ಇದು ಹಿಡಿಸಲಿಲ್ಲ. "ಇದೇನು ಸಭೆಯೋ, ಸೂತಕದ ಮನೆಯೋ? ಇನ್ನು ಮೇಲೆ ಮೊದಲು ವಟಗುಟ್ಟಿದವರಿಗೆ ಎತ್ತರದ ಬಂಡೆ!" ಎಂದ. ಹತ್ತು ಕಪ್ಪೆ ಸೇರುತ್ತಿದ್ದಲ್ಲಿ ಸಾವಿರ ಸೇರಿದವು.

ಆ ಬೇಸಿಗೆ ಕೆರೆ ಬತ್ತತೊಡಗಿತು. ಬೇರೆ ನೀರು ಹುಡುಕಲು ಹೋಗಿದ್ದ ಆಮೆ ಹಿಂತಿರುಗಿ ಸಭೆಗೆ ಹೇಳಿತು: "ಗುಡ್ಡದಾಚೆ ತುಂಬಿದ ಹೊಂಡವೊಂದಿದೆ. ನೀರು ಕನ್ನಡಿಯಂತೆ ತಿಳಿಯಾಗಿದೆ..."

"ಭಲೇ!" ಎಂದು ಡೊಳ್ಳಪ್ಪ ಬಂಡೆಗೆ ಹಾರಿದ. "ಭಲೇ! ಭಲೇ!" ಎಂದು ಸಾವಿರ ಗಂಟಲುಗಳು ಕೂಗಿದವು.

"ತಾಳಿರಪ್ಪ, ಮಾತು ಮುಗಿದಿಲ್ಲ."

"ನೀನು ಮುಗಿಸುವಷ್ಟರಲ್ಲಿ ನಾವು ಒಣಗಿ ಹಪ್ಪಳವಾಗುತ್ತೇವೆ, ತಾತ! ನಡೀರೋ!"

ಸಭೆಗೆ ಸಭೆಯೇ ಡೊಳ್ಳಪ್ಪನ ಹಿಂದೆ ಕುಪ್ಪಳಿಸಿತು. ಆಮೆ ಕೂಗುತ್ತ ತೆವಳಿತು. ಆ ಗದ್ದಲದಲ್ಲಿ ಅದರ ದನಿ ಯಾರಿಗೂ ಕೇಳಲಿಲ್ಲ.

ಆಮೆ ಹೊಂಡ ಮುಟ್ಟುವ ಹೊತ್ತಿಗೆ ಬಿಳಿ ಹೊಟ್ಟೆಗಳು ನೀರಿನ ತುಂಬ ತೇಲುತ್ತಿದ್ದವು. ದಡದಲ್ಲಿ ಡೊಳ್ಳಪ್ಪನೊಬ್ಬನೇ ಏದುಸಿರು ಬಿಡುತ್ತಿದ್ದ. "ತಾತ, ಆಮೇಲೇನು ಹೇಳಬೇಕೆಂದಿದ್ದೆ?"

ಆಮೆ ಅವನ ಪಕ್ಕದಲ್ಲಿ ಕೂತಿತು. "ಇಲ್ಲಿ ಕೀಟನಾಶಕದ ಡಬ್ಬಿ ತೊಳೆಯುತ್ತಾರಪ್ಪ. ಅದಕ್ಕೇ ಪಾಚಿಯೂ ಬೆಳೆದಿಲ್ಲ. ಇದನ್ನು ಮುಟ್ಟದೆ ಬಲಕ್ಕೆ ಹೊರಳಿದರೆ ಒಳ್ಳೆಯ ತೊರೆಯಿದೆ, ಎಲ್ಲರಿಗೂ ಸಾಕಾಗುವಷ್ಟು."

ಡೊಳ್ಳಪ್ಪ ಒಮ್ಮೆಯೂ ಅಡ್ಡ ಬಾಯಿ ಹಾಕಲಿಲ್ಲ. ಆಮೆ ಹೇಳಿ ಮುಗಿಸುವಷ್ಟರಲ್ಲಿ ಅವನ ಉಸಿರು ನಿಂತಿತ್ತು.

ಕೊನೆಯ ಮಾತಿನವರೆಗೂ ಕೇಳಿದ ನಿಮ್ಮೆಲ್ಲರನ್ನೂ ಸ್ವಾಮಿ ತಣ್ಣಗಿಟ್ಟಿರಲಿ.