ಸೊನ್ನೆ ರೂಪಾಯಿಯ ಕರೆಂಟು

“ಗುರುಗಳೇ, ಪೆಟ್ರೋಲ್ ಕಾರಿಗೆ ಕಿಲೋಮೀಟರಿಗೆ ಏಳು ರೂಪಾಯಿ ಬೀಳುತ್ತದೆ, ಕರೆಂಟಿನ ಕಾರಿಗೆ ಒಂದೂಕಾಲು. ಲೆಕ್ಕ ಇಷ್ಟು ಸಲೀಸಾಗಿದ್ದರೂ ನನ್ನ ಮನಸ್ಸು ಯಾಕೆ ಒಂದು ಕಡೆ ನಿಲ್ಲುತ್ತಿಲ್ಲ?” ಎಂದು ಪಾತ್ರೆ ಅಂಗಡಿಯ ಪದ್ಮಣ್ಣ ಕೇಳಿದ. ಬ್ಯಾಟರಿ ಕೆಟ್ಟರೆಷ್ಟು, ವಿಮೆ ಎಷ್ಟು, ಮಾರುವಾಗ ಎಷ್ಟು ಹುಟ್ಟುತ್ತದೆ ಎಂದು ಬರೆದ ಹಾಳೆಗಳನ್ನು ಗುರುಗಳ ಮುಂದೆ ಹರವಿದ. ಒಂದನ್ನು ತೋರಿಸುವಷ್ಟರಲ್ಲಿ ಇನ್ನೊಂದನ್ನು ಎಳೆಯುತ್ತಿದ್ದ.

ಗುರುಗಳು ಹಾಳೆ ಮುಟ್ಟಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಜವಳಿ ವ್ಯಾಪಾರಿ ಇದ್ದ. ಮದುವೆ ಸೀರೆಗೆ ಹೆಸರಾದ ಅಂಗಡಿ. ಆ ಸೀಮೆಯ ಪದ್ಧತಿಯಂತೆ ಮನೆಮಂದಿಯೆಲ್ಲ ಒಳ್ಳೆಯ ಹೊತ್ತು ನೋಡಿಕೊಂಡು ಜವಳಿಗೆ ಬರುತ್ತಾರೆ. ಧಾರೆ ಸೀರೆಯನ್ನು ಅಂಗಡಿಯ ಯಜಮಾನನೇ ತನ್ನ ಕೈಯಾರೆ ಎತ್ತಿ ಕೊಡಬೇಕು. ಅದು ಮದುಮಗಳ ಮಡಿಲಿಗೆ ಬಂದ ಮೇಲೆಯೇ ಉಳಿದ ಬಟ್ಟೆಯ ಮಾತು.

ವ್ಯಾಪಾರಿ ಕರೆಂಟಿನ ಕಾರು ಕೊಂಡ. ಅವನ ಭಾವಮೈದುನನದು ಪೆಟ್ರೋಲ್ ಕಾರು. “ವರ್ಷ ತುಂಬಲಿ ಭಾವ, ಯಾರ ಗಾಡಿ ಎಷ್ಟು ಕುಡಿಯಿತು ಅಂತ ನೆಂಟರೆದುರಿಗೇ ಓದೋಣ” ಎಂದು ಅವನು ಕೆಣಕಿದ. ವ್ಯಾಪಾರಿ ಒಪ್ಪಿದ. ಮನೆಯಲ್ಲೇ ಚಾರ್ಜ್ ಮಾಡಿದ್ದರೂ ಸುಲಭವಾಗಿ ಗೆಲ್ಲುತ್ತಿದ್ದ. ಆದರೆ ಅದೇ ವಾರ ಹೆದ್ದಾರಿಯ ಹೋಟೆಲಿನವನೊಬ್ಬ, ತಿಂಡಿ ತಿಂದವರಿಗೆ ಕರೆಂಟು ಪುಕ್ಕಟೆ ಎಂದು ಬೋರ್ಡು ಹಾಕಿದ. ವ್ಯಾಪಾರಿಯ ಕಣ್ಣು ಸೊನ್ನೆಯ ಮೇಲೆ ಬಿತ್ತು.

ವಾರಕ್ಕೆರಡು ಬೆಳಿಗ್ಗೆ ಹದಿನಾಲ್ಕು ಕಿಲೋಮೀಟರ್ ಹೋದ. ಮೂರು ಮೂರು ಗಂಟೆ ಕಾದ. ದೋಸೆಯನ್ನು ಮನೆಖರ್ಚಿಗೆ ಬರೆದ, ಕಾರಿನ ಲೆಕ್ಕಕ್ಕೆ ಸೊನ್ನೆ ಬರೆದ. ಕಾದಷ್ಟು ಹೊತ್ತೂ ನೆಮ್ಮದಿಯಿಲ್ಲ. ಎದ್ದು ಹೋಗಿ ಶೇಕಡಾ ಎಷ್ಟಾಯಿತೆಂದು ನೋಡುವುದು, ಬಂದು ಕೂರುವುದು, ಮತ್ತೆ ಏಳುವುದು.

ಒಂದು ಬುಧವಾರ ಹನ್ನೊಂದು ಗಂಟೆಗೆ ಅಂಗಡಿಯಿಂದ ಹೆಂಡತಿಯ ಫೋನು ಬಂತು.

“ಎಲ್ಲಿದ್ದೀರಿ? ದೊಡ್ಡಮನೆ ಅಜ್ಜಿ ಮೊಮ್ಮಗಳ ಜವಳಿಗೆ ಬಂದು ಕೂತಿದ್ದಾರೆ. ಹದಿನೆಂಟು ಜನ. ಹನ್ನೆರಡಕ್ಕೆ ರಾಹುಕಾಲ, ಅಷ್ಟರೊಳಗೆ ಸೀರೆ ಕೊಡಬೇಕಂತೆ.”

“ಮಜ್ಜಿಗೆ ಕೊಡು. ಹೊರಟೆ ಅಂತ ಹೇಳು.”

“ಹೊರಟಿರೋ, ಪ್ಲಗ್ಗು ಹಾಕಿಕೊಂಡೇ ಕೂತಿದ್ದೀರೋ?”

ಅವನು ಫೋನು ಇಟ್ಟ. ಶೇಕಡಾ ಅರವತ್ತೆರಡು. ಮೂರು ತಲೆಮಾರಿನಿಂದ ಆ ಮನೆಯ ಜವಳಿ ತನ್ನ ಅಂಗಡಿಯದು ಎಂಬುದು ಅವನಿಗೆ ಗೊತ್ತಿತ್ತು. ಈಗ ಕಿತ್ತರೆ ವಾರದ ಕೊನೆಗೆ ಮನೆಯಲ್ಲಿ ಚಾರ್ಜ್ ಮಾಡಬೇಕು, ಹತ್ತು ತಿಂಗಳ ಸೊನ್ನೆ ಹಾಳಾಗುತ್ತದೆ ಎಂಬುದೂ ಗೊತ್ತಿತ್ತು. ಊರಿಗೆ ಇಪ್ಪತ್ತು ನಿಮಿಷದ ದಾರಿ. ಹನ್ನೊಂದೂವರೆಗೆ ಬಿಟ್ಟರೂ ಆದೀತು ಅಂದುಕೊಂಡ. ಕೈ ಪ್ಲಗ್ಗಿನವರೆಗೆ ಹೋಯಿತು, ಹಿಂದೆ ಬಂತು. ಅರವತ್ತೇಳು. ಮತ್ತೆ ಹೋಯಿತು, ಮತ್ತೆ ಬಂತು. ಎಪ್ಪತ್ತೊಂದು. ಕೊನೆಗೆ ಕಿತ್ತು ಹೊರಟಾಗ ಹನ್ನೊಂದೂ ನಲವತ್ತೈದು. ಅಂಗಡಿ ಮುಟ್ಟಿದಾಗ ಹನ್ನೆರಡು ದಾಟಿತ್ತು.

ಹದಿನೆಂಟು ಜನವೂ ಎದುರಂಗಡಿಯ ಚಾಪೆಯ ಮೇಲಿದ್ದರು. ಧಾರೆ ಸೀರೆ ಹುಡುಗಿಯ ಮಡಿಲಲ್ಲಿತ್ತು. ಉಳಿದ ಸೀರೆಗಳನ್ನು ಬಿಚ್ಚಿ ಹಾಕುತ್ತಿದ್ದರು. ಅಜ್ಜಿ ಅವನನ್ನು ಕಂಡು ಬಾಗಿಲಿಗೆ ಬಂದಳು.

“ಬಂದೆಯಾ ಮಗಾ? ನನ್ನ ಧಾರೆ ಸೀರೆ ನಿಮ್ಮಜ್ಜ ಕೊಟ್ಟದ್ದು, ಮಗಳದ್ದು ನಿಮ್ಮಪ್ಪ ಕೊಟ್ಟದ್ದು. ಇವಳದ್ದು ನೀನು ಕೊಡುತ್ತೀ ಅಂತ ಹನ್ನೆರಡಕ್ಕೆ ಐದು ನಿಮಿಷ ಇರುವ ತನಕ ಕೂತೆ. ಆಮೇಲೆ ರಸ್ತೆ ದಾಟಿದೆ.”

“ಇನ್ನಿಬ್ಬರು ಮೊಮ್ಮಕ್ಕಳಿದ್ದಾರಲ್ಲ ಅಜ್ಜಿ, ಅವರಿಗೆ...”

“ಒಂದು ತಲೆಮಾರಿನ ಧಾರೆ ಸೀರೆಗಳೆಲ್ಲ ಒಂದೇ ಕೈಯಿಂದ ಬರಬೇಕಲ್ಲವೇನೋ? ಬಟ್ಟೆ ವ್ಯಾಪಾರಿಗೆ ನಾನು ಹೇಳಿಕೊಡಬೇಕೆ!” ಎಂದು ಅಜ್ಜಿ ಒಳಗೆ ಹೋದಳು.

ವರ್ಷ ತುಂಬಿತು. ನೆಂಟರೆಲ್ಲ ಸೇರಿದರು. ಭಾವಮೈದುನ ಎಂಬತ್ತಾರು ಸಾವಿರ ಎಂದು ಓದಿದ. ವ್ಯಾಪಾರಿ ಸೊನ್ನೆ ಎಂದು ಓದಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಂಡತಿ ಮಾತ್ರ ಎದ್ದು ಅಡುಗೆಮನೆಗೆ ಹೋದಳು.

ಗುರುಗಳು ಕತೆ ನಿಲ್ಲಿಸಿದರು. ಪದ್ಮಣ್ಣ ಆಗಲೇ ಪೆನ್ನು ತೆಗೆದಿದ್ದ.

“ಅಂದರೆ ಮನೆಯಲ್ಲೇ ಚಾರ್ಜ್ ಮಾಡುವವನಿಗೆ ಕರೆಂಟಿನ ಕಾರೇ ಲಾಭ ಅಂತಾಯಿತು. ಹೌದಲ್ಲವೇ ಗುರುಗಳೇ? ಹಾಗಿದ್ದರೆ ಬ್ಯಾಟರಿಯದ್ದೊಂದು ಸಲ ಮತ್ತೆ ಕೂಡಿಬಿಡುತ್ತೇನೆ.”

“ಲಾಭವೇ ಸರಿ. ಆದರೆ ಇವತ್ತು ಸಂತೆ, ನಿನ್ನ ಅಂಗಡಿಗೆ ಬಂದವರಿಗೆ ‘ಬನ್ನಿ’ ಅನ್ನಲು ಯಾರಿದ್ದಾರೆ, ಪದ್ಮಣ್ಣ?” ಎಂದರು ಗುರುಗಳು.