ಮುಚ್ಚಳ ಕಾಯ್ದ ಮಾನ

ಮಲ್ಲಿಗೆ ಗಿಡಗಳಿಗೆಂದು ಚೆನ್ನಾಜಮ್ಮ ಪೀಪಾಯಿಯಲ್ಲಿ ಸಗಣಿ, ಗಂಜಲ, ಬೆಲ್ಲ, ಕಡಲೆಹಿಟ್ಟು ಮತ್ತು ಹುಣಸೆಮರದ ಬುಡದ ಒಂದು ಹಿಡಿ ಮಣ್ಣನ್ನು ನೀರಿನಲ್ಲಿ ಕದಡಿ, ಬಾಯಿಗೆ ಗೋಣಿಚೀಲ ಹೊದಿಸಿ ತವರಿಗೆ ಹೋದಳು. ಆಕೆ ಅತ್ತ ಹೋದದ್ದೇ ತಡ, ಗೋಡೆಗೆ ಒರಗಿದ್ದ ತಗಡಿನ ಮುಚ್ಚಳ ಗೋಣಿಯನ್ನು ಪಕ್ಕಕ್ಕೆ ತಳ್ಳಿ ತಾನೇ ಬಿಗಿಯಾಗಿ ಕೂತಿತು. ಮನೆಯ ನಾತ ಬೀದಿಗೆ ಹೋಗಬಾರದು ಎಂಬುದು ಅದರ ವ್ರತ.

“ಅಣ್ಣಾ, ನನ್ನೊಳಗೆ ಕೋಟಿ ಜೀವಗಳಿವೆ. ಅವು ಉಸಿರಾಡಲು ತುಸು ಸಂದು ಬಿಡು,” ಎಂದು ಒಳಗಿನಿಂದ ಮಣ್ಣು ಬೇಡಿಕೊಂಡಿತು.

“ನೆರೆಯವರು ಮೂಗು ಮುಚ್ಚಿಕೊಂಡರೆ ಹೋಗುವುದು ಈ ಮನೆಯ ಮಾನ, ನಿನ್ನದಲ್ಲ,” ಎಂದಿತು ಮುಚ್ಚಳ.

ಮೂರನೆಯ ದಿನ ಒಳಗಿನ ಗುಳುಗುಳು ಸದ್ದು ನಿಂತಿತು. ಅಂತೂ ಇವಕ್ಕೆ ಬುದ್ಧಿ ಬಂತು ಎಂದು ಮುಚ್ಚಳಕ್ಕೆ ಸಮಾಧಾನವಾಯಿತು.

ಐದನೆಯ ದಿನ ಚೆನ್ನಾಜಮ್ಮ ಬಂದು ಮುಚ್ಚಳ ಎತ್ತಿದಳು. ಬೀದಿಗೆ ಬೀದಿಯೇ ಮೂಗು ಮುಚ್ಚಿಕೊಂಡಿತು. ಗಿಡಕ್ಕೆ ಹಾಕುವಂತಿರಲಿಲ್ಲ. ಆಕೆ ದೂರದಲ್ಲಿ ಗುಂಡಿ ತೋಡಿ, ಎಲ್ಲವನ್ನೂ ಸುರಿದು ಮಣ್ಣೆಳೆದಳು.

“ನಾನು ಒಂದು ಸಂದೂ ಬಿಟ್ಟಿರಲಿಲ್ಲ. ಇಷ್ಟು ನಾತ ಎಲ್ಲಿಂದ ಬಂತು?” ಎಂದು ಮುಚ್ಚಳ ಗೋಣಿಯನ್ನು ಕೇಳಿತು.

“ಮೊದಲು ಬರುತ್ತಿದ್ದದ್ದು ಬದುಕಿದ್ದವರ ವಾಸನೆ,” ಎಂದಿತು ಗೋಣಿ. “ಇದು ನೀನು ಕಾಯ್ದ ಮಾನದ್ದು.”