ಒದ್ದೆ ಮಡಿಯ ಪುಡಿ

ಪ್ರಯೋಗಶಾಲೆಯ ಮೇಜಿನ ಮೇಲೆ ಪೆಪ್ಟೈಡ್ ಅನ್ನೋ, ಪ್ರೋಟೀನ್ ತುಣುಕುಗಳ ಬಿಳಿ ಪುಡಿ ಸೀಸೆಯೊಳಗೆ ಬೀಗುತ್ತಾ ಕೂತಿತ್ತು. ಪರೀಕ್ಷೆ ಮಾಡಿದ ಯಂತ್ರ ಅದನ್ನು ನೂರಕ್ಕೆ ತೊಂಬತ್ತೊಂಬತ್ತು ಶುದ್ಧ ಅಂದಿತ್ತು ನೋಡಿ, ಜಂಬ ಬಾರದೆ ಇರುತ್ತಾ?

"ತಕ್ಕಡಿಯಮ್ಮ, ಬೇಗ ತೂಗು. ಗಾಜಿನ ತಟ್ಟೆಯಲ್ಲಿ ಜೀವಕೋಶಗಳು ನನಗೇ ಕಾಯ್ತಿವೆ. ನಾನು ಮಡಿ, ತೂಗಿದ್ದಷ್ಟೂ ನಾನೇ!" ಅಂತು ಪುಡಿ.

"ಮಡಿಯೇನೋ ಹೌದು ಕಣವ್ವ, ಆದರೆ ಒದ್ದೆ ಮಡಿ. ಒದ್ದೆ ಸೀರೆ ಉಟ್ಟು ನನ್ನ ಮೇಲೆ ಕೂತರೆ ಸೀರೆಯ ನೀರನ್ನೂ ನಾನು ತೂಗಬೇಕಲ್ಲ!" ಅಂತು ತಕ್ಕಡಿ.

ಪುಡಿಗೆ ರೇಗಿತು. "ಯಂತ್ರಣ್ಣ, ನೀನೇ ಹೇಳು, ನಾನು ಶುದ್ಧ ಅಲ್ಲವಾ?"

"ಶುದ್ಧವೇ ತಾಯಿ. ನನ್ನ ಬೆಳಕಿಗೆ ಕಂಡವರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ನೀನೇ. ನಿನಗೆ ಅಂಟಿದ ನೀರು, ಉಪ್ಪು ನನ್ನ ಕಣ್ಣಿಗೆ ಬೀಳೋದೇ ಇಲ್ಲ. ಅವನ್ನೂ ನೀನೇ ಅಂತ ತೂಗಿದರೆ ಕೋಶಗಳಿಗೆ ನೀನು ಸಾಲದೆ ಹೋಗ್ತೀಯ. ಆಮೇಲೆ ನಿನ್ನಿಂದ ಏನೂ ಆಗಲಿಲ್ಲ ಅಂತ ಸೀಸೆ ಸಮೇತ ಎಸೀತಾರೆ."

ಪುಡಿ ಗಟ್ಟಿಯಾಗಿ ಹೇಳಿತು: "ಹಾಗಾದರೆ ನೀರು, ಉಪ್ಪು ಎಷ್ಟಿದೆ ಅಂತ ಬೇರೆಯಾಗಿ ಅಳೆಯಿರಿ. ಎಷ್ಟು ಕಮ್ಮಿ ಬೀಳುತ್ತೋ ಅಷ್ಟು ನನ್ನನ್ನು ಇನ್ನೂ ಹಾಕಿ."

ಪ್ರಯೋಗಶಾಲೆಯವರು ಹಾಗೇ ಅಳೆದು ಹಾಕಿದರು. ತಟ್ಟೆಯಲ್ಲಿ ಸಪ್ಪಗಿದ್ದ ಕೋಶಗಳು ಮೆಲ್ಲಗೆ ಕದಲಿದವು. ಅವುಗಳಲ್ಲೊಂದು ಕೂಗಿಯೇಬಿಟ್ಟಿತು: "ಬಂದಳು ಕಣ್ರೇ, ಪೂರ್ತಿ ಬಂದಳು!"